ಓರೆಗೆರೆ ಹಾಕಿದ ಮಾತ್ರಕ್ಕೆ ಎಕ್ಸ್‌ಎಚ್‌ಟಿಎಂಎಲ್ ಆಗುವುದಿಲ್ಲ

ಹಳೆಯ ಜಾಲಪುಟಗಳ ಒಂದು ಕಟ್ಟನ್ನು ಇಪಬ್ ಎಂಬ ಬಗೆಯ ಇ-ಪುಸ್ತಕವಾಗಿ ರೂಪಿಸುವ ಕೆಲಸ ಇತ್ತೀಚೆಗೆ ನನ್ನ ಪಾಲಿಗೆ ಬಂತು. ಒಟ್ಟು 412 ಪುಟಗಳು. ಬಹುಪಾಲು 2003ರಿಂದ 2009ರ ನಡುವೆ ನಾನೇ ಬರೆದವು. ಪ್ರತಿ ಪುಟದ ನೆತ್ತಿಯ ಮೇಲೂ ಎಕ್ಸ್‌ಎಚ್‌ಟಿಎಂಎಲ್ (ಜಾಲಪುಟಗಳ ಭಾಷೆಯಾದ ಎಚ್‌ಟಿಎಂಎಲ್‌ನ ಬಿಗಿಯಾದ ರೂಪ) 1.0 ಸ್ಟ್ರಿಕ್ಟ್ ಎಂಬ ಡಾಕ್‌ಟೈಪ್, ಅಂದರೆ ಪುಟದ ಭಾಷೆ ಸಾರುವ ಸಾಲು, ಇತ್ತು, ಟ್ಯಾಗ್‌ಗಳೆಲ್ಲ ಸಣ್ಣಕ್ಷರದಲ್ಲಿದ್ದವು, ಬಿಆರ್ ಮತ್ತು ಐಎಂಜಿ ಟ್ಯಾಗ್‌ಗಳ ಕೊನೆಗೆ ಓರೆಗೆರೆ (/) ತಪ್ಪದೆ ಬಿದ್ದಿತ್ತು. ಇಪಬ್ ಕೇಳುವುದೂ ಎಕ್ಸ್‌ಎಚ್‌ಟಿಎಂಎಲ್ ಅನ್ನೇ ಆದ್ದರಿಂದ ಇದು ಅರ್ಧ ದಿನದ ಕೆಲಸವೆಂದು ಲೆಕ್ಕ ಹಾಕಿ ಕುಳಿತೆ. ಎಕ್ಸ್‌ಎಂಎಲ್ ಪಾರ್ಸರ್‌ನ (ಎಕ್ಸ್‌ಎಂಎಲ್ ಎಂಬ ಬಿಗಿ ನಿಯಮಗಳ ಮಾರ್ಕ್‌ಅಪ್ ಓದಿ ಬಿಡಿಸುವ ಸಾಫ್ಟ್‌ವೇರ್‌ನ) ಎದುರು ಆ ಪುಟಗಳನ್ನು ಒಂದೊಂದಾಗಿ ನಿಲ್ಲಿಸಿದಾಗ ತೇರ್ಗಡೆಯಾದವು 31.

ಉಳಿದ 381 ಪುಟಗಳು ಇಷ್ಟು ವರ್ಷ ಎಲ್ಲ ಬ್ರೌಸರ್‌ಗಳಲ್ಲೂ ಚೆನ್ನಾಗಿಯೇ ಕಾಣುತ್ತಿದ್ದವು. ಮುಂದೆ ಹೇಳುವ ಒಂದು ವಾರದ ಪ್ರಯೋಗ ಬಿಟ್ಟರೆ ಅವನ್ನು ಯಾವ ಬ್ರೌಸರೂ ಎಕ್ಸ್‌ಎಚ್‌ಟಿಎಂಎಲ್ ಎಂದು ಓದಿರಲಿಲ್ಲ ಎಂಬುದೇ ಅದಕ್ಕೆ ಕಾರಣ. ಎಚ್‌ಟಿಎಂಎಲ್‌ನಲ್ಲಿ ಕೈ ಪಳಗಿದವರು ಎಕ್ಸ್‌ಎಚ್‌ಟಿಎಂಎಲ್‌ಗೆ ಬರುವಾಗ ಎಡವುವುದು ವ್ಯಾಕರಣದಲ್ಲಲ್ಲ, ಈ ಜಾಗದಲ್ಲಿ. ನಮ್ಮ ಅನುಭವದ ದೊಡ್ಡ ಪಾಲು ಬ್ರೌಸರ್ ಏನೇನನ್ನು ಕ್ಷಮಿಸುತ್ತದೆ ಎಂಬ ತಿಳಿವಳಿಕೆಯೇ ಆಗಿರುತ್ತದೆ. ಎಕ್ಸ್‌ಎಂಎಲ್ ಪಾರ್ಸರ್‌ನ ಮುಂದೆ ಆ ಪಾಲು ಕೆಲಸಕ್ಕೆ ಬರುವುದಿಲ್ಲ.

ಹಿನ್ನೆಲೆಯನ್ನು ಚುಟುಕಾಗಿ ಹೇಳಿಬಿಡುತ್ತೇನೆ. 1999ರ ಡಿಸೆಂಬರ್‌ನಲ್ಲಿ ಹೊರಬಂದ ಎಚ್‌ಟಿಎಂಎಲ್ 4.01 ಕಾಗದದ ಮೇಲೆ ಎಸ್‌ಜಿಎಂಎಲ್ ಎಂಬ ಹಳೆಯ ಮಾರ್ಕ್‌ಅಪ್ ವ್ಯವಸ್ಥೆಯ ಒಂದು ಪ್ರಯೋಗವಾಗಿತ್ತು, ಆದರೆ ಪ್ರಮುಖ ಬ್ರೌಸರ್‌ಗಳಲ್ಲಿ ಯಾವುದೂ ಅದನ್ನು ಎಸ್‌ಜಿಎಂಎಲ್ ನಿಯಮದಂತೆ ಓದಲಿಲ್ಲ. 1998ರ ಫೆಬ್ರವರಿಯಲ್ಲಿ ಬಂದ ಎಕ್ಸ್‌ಎಂಎಲ್ 1.0 ಅದೇ ಎಸ್‌ಜಿಎಂಎಲ್‌ನ ಕಿರಿದಾದ, ಬಿಗಿಯಾದ ರೂಪ. ಎಚ್‌ಟಿಎಂಎಲ್ 4ರ ಶಬ್ದಸಂಪತ್ತನ್ನು ಹೆಚ್ಚುಕಡಿಮೆ ಹಾಗೆಯೇ ಇಟ್ಟುಕೊಂಡು ಅದಕ್ಕೆ ಎಕ್ಸ್‌ಎಂಎಲ್‌ನ ಕಟ್ಟುಪಾಡು ಹಾಕಿದ್ದು ಎಕ್ಸ್‌ಎಚ್‌ಟಿಎಂಎಲ್ 1.0, ಅದು 2000ದ ಜನವರಿ 26ರಂದು ಜಾಲದ ಮಾನದಂಡಗಳನ್ನು ರೂಪಿಸುವ ಡಬ್ಲ್ಯು3ಸಿ ಸಂಸ್ಥೆಯ ಶಿಫಾರಸಾಯಿತು. ಹೊಸ ಟ್ಯಾಗ್ ಒಂದೂ ಇಲ್ಲದ ಹೊಸ ಭಾಷೆ ಎಂದು ಆಗ ನಾವು ಕೆಲವರು ಮೂಗು ಮುರಿದದ್ದುಂಟು.

ವ್ಯಾಕರಣದ ಬದಲಾವಣೆಗಳು ಒಂದು ಉಸಿರಿನಲ್ಲಿ ಹೇಳಿ ಮುಗಿಸುವಷ್ಟೇ ಇವೆ. ಎಲಿಮೆಂಟ್ (ಟ್ಯಾಗ್‌ನಿಂದ ಗುರುತಿಸಿದ ಭಾಗ) ಮತ್ತು ಆಟ್ರಿಬ್ಯೂಟ್‌ಗಳ (ಟ್ಯಾಗ್‌ನೊಳಗಿನ ಗುಣಸೂಚಕಗಳ) ಹೆಸರು ಸಣ್ಣಕ್ಷರದಲ್ಲಿರಬೇಕು. ತೆರೆದ ಟ್ಯಾಗನ್ನು ಮುಚ್ಚಲೇಬೇಕು, ಒಳಗಡೆ ತೆರೆದದ್ದನ್ನು ಒಳಗಡೆಯೇ ಮುಚ್ಚಬೇಕು. ಆಟ್ರಿಬ್ಯೂಟ್‌ನ ಬೆಲೆ ಉದ್ಧರಣ ಚಿಹ್ನೆಯೊಳಗಿರಬೇಕು. ಚೆಕ್ಡ್, ಡಿಸೇಬಲ್ಡ್ ಮುಂತಾದ ಒಂಟಿ ಆಟ್ರಿಬ್ಯೂಟ್‌ಗಳಿಗೆ ಅವುಗಳ ಹೆಸರನ್ನೇ ಬೆಲೆಯಾಗಿ ಕೊಡಬೇಕು. ಬೇರು ಎಲಿಮೆಂಟ್‌ನಲ್ಲಿ ನೇಮ್‌ಸ್ಪೇಸ್ ಘೋಷಣೆ, ಅಂದರೆ ಟ್ಯಾಗ್‌ಗಳ ಹೆಸರು ಯಾವ ಭಾಷೆಯದೆಂಬ ಗುರುತು, ಇರಬೇಕು. ಇಷ್ಟನ್ನು ಕಲಿಯಲು ಅನುಭವಿಗೆ ಒಂದು ಮಧ್ಯಾಹ್ನ ಧಾರಾಳವಾಯಿತು. ನನ್ನ ಪುಟಗಳಲ್ಲಿ ಇವೆಲ್ಲವೂ ಪಾಲನೆಯಾಗಿದ್ದವು ಎಂಬುದನ್ನು ಮರೆಯಬಾರದು.

ಬ್ರೌಸರ್ ಯಾವ ಪಾರ್ಸರನ್ನು ಕರೆಯುತ್ತದೆ ಎಂಬುದನ್ನು ತೀರ್ಮಾನಿಸುವುದು ಡಾಕ್‌ಟೈಪ್ ಅಲ್ಲ, ಸರ್ವರ್ ಪುಟದ ಜೊತೆ ಕಳಿಸುವ, ಅದು ಯಾವ ಬಗೆಯ ಕಡತವೆಂದು (ಮೀಡಿಯಾ ಟೈಪ್) ಹೇಳುವ ಕಂಟೆಂಟ್-ಟೈಪ್ ಹೆಡರ್. ಅದರಲ್ಲಿ ಟೆಕ್ಸ್ಟ್/ಎಚ್‌ಟಿಎಂಎಲ್ ಎಂದಿದ್ದರೆ ಪುಟದಲ್ಲಿ ಏನೇ ಬರೆದಿರಲಿ ಅದು ಎಚ್‌ಟಿಎಂಎಲ್ ಪಾರ್ಸರ್‌ನ ಕೈಗೆ ಹೋಗುತ್ತದೆ. ಡಾಕ್‌ಟೈಪ್‌ನಿಂದ ಆಗುವ ಕೆಲಸವೆಂದರೆ ಪುಟವನ್ನು ಸ್ಟ್ಯಾಂಡರ್ಡ್ಸ್ ರೀತಿಯಲ್ಲಿ ಚಿತ್ರಿಸಬೇಕೋ ಹಳೆಯ ಬ್ರೌಸರ್‌ಗಳ ವರಸೆ ಅನುಕರಿಸುವ ಕ್ವಿರ್ಕ್ಸ್ ರೀತಿಯಲ್ಲೋ ಎಂಬ ಆಯ್ಕೆ ಮಾತ್ರ. ಅಪ್ಲಿಕೇಶನ್/ಎಕ್ಸ್‌ಎಚ್‌ಟಿಎಂಎಲ್+ಎಕ್ಸ್‌ಎಂಎಲ್‌ನಂಥ ಎಕ್ಸ್‌ಎಂಎಲ್ ಬಗೆಯೆಂದು ಕಳಿಸಿದಾಗ ಮಾತ್ರ ಎಕ್ಸ್‌ಎಂಎಲ್ ಪಾರ್ಸರ್ ಎದ್ದು ಕೂರುತ್ತದೆ. ಎಕ್ಸ್‌ಎಚ್‌ಟಿಎಂಎಲ್ 1.0ರ ಅನುಬಂಧ ಸಿ ಎಂಬ ಭಾಗವು ಕೆಲವು ಮುನ್ನೆಚ್ಚರಿಕೆಗಳೊಂದಿಗೆ ಟೆಕ್ಸ್ಟ್/ಎಚ್‌ಟಿಎಂಎಲ್ ಎಂದೇ ಕಳಿಸಲು ದಾರಿ ಬಿಟ್ಟುಕೊಟ್ಟಿತು. ಓರೆಗೆರೆಗೆ ಮುಂಚೆ ಒಂದು ಖಾಲಿ ಜಾಗ ಬಿಡಬೇಕೆಂಬ ಅಭ್ಯಾಸ ಬಂದದ್ದು ಆ ಅನುಬಂಧದಿಂದಲೇ. ಆ ದಾರಿಯಲ್ಲೇ ನಾವೆಲ್ಲ ನಡೆದೆವು, ಏಕೆಂದರೆ ಇಂಟರ್ನೆಟ್ ಎಕ್ಸ್‌ಪ್ಲೋರರ್ ತನ್ನ 8ನೇ ಆವೃತ್ತಿಯವರೆಗೂ ಸರಿಯಾದ ಮೀಡಿಯಾ ಟೈಪನ್ನು ಕಂಡರೆ ಪುಟ ತೋರಿಸುವ ಬದಲು ಕಡತವನ್ನು ಉಳಿಸಿಕೊಳ್ಳುತ್ತೀರಾ ಎಂದು ಕೇಳುತ್ತಿತ್ತು. 2011ರಲ್ಲಿ 9ನೇ ಆವೃತ್ತಿ ಅದನ್ನು ಒಪ್ಪಿಕೊಳ್ಳುವ ಹೊತ್ತಿಗೆ ಆಟದ ಬಿಸಿ ಆರಿಹೋಗಿತ್ತು. ಸಾಲದ್ದಕ್ಕೆ, ಡಾಕ್‌ಟೈಪ್‌ಗೆ ಮೊದಲು ಎಕ್ಸ್‌ಎಂಎಲ್ ಘೋಷಣೆಯ ಸಾಲನ್ನು ಬರೆದರೆ ಅದರ 6ನೇ ಆವೃತ್ತಿ ಕ್ವಿರ್ಕ್ಸ್‌ಗೆ ಜಾರಿಬಿಡುತ್ತಿತ್ತು. ಹಾಗಾಗಿ ಆ ಸಾಲನ್ನೂ ಕಿತ್ತು ಹಾಕಿದೆವು.

ಹೀಗೆ ಎಕ್ಸ್‌ಎಚ್‌ಟಿಎಂಎಲ್ ಎಂದು ಬರೆದು ಎಚ್‌ಟಿಎಂಎಲ್ ಎಂದು ಕಳಿಸುವ ಪದ್ಧತಿ ನಿರಪಾಯಕಾರಿಯಾಗಿ ಕಂಡರೂ ಹಾಗಿಲ್ಲ ಎಂಬುದನ್ನು ನಾನು ಕಲಿತದ್ದು ಒಂದು ಬಿಳಿ ಪುಟದಿಂದ. ಆಗ ಕೆಲಸ ಮಾಡುತ್ತಿದ್ದ ಕಡೆ ಪುಟಗಳನ್ನು ಎಕ್ಸ್‌ಎಸ್‌ಎಲ್‌ಟಿ (ಎಕ್ಸ್‌ಎಂಎಲ್ ಅನ್ನು ಬೇರೆ ರೂಪಕ್ಕೆ ತಿರುಗಿಸುವ ಭಾಷೆ) ಮೂಲಕ ಹೊರತೆಗೆಯುತ್ತಿದ್ದೆವು. ಎಕ್ಸ್‌ಎಸ್‌ಎಲ್‌ಟಿ 1.0ರಲ್ಲಿ ಎಕ್ಸ್‌ಎಂಎಲ್, ಎಚ್‌ಟಿಎಂಎಲ್, ಸಾದಾ ಪಠ್ಯ ಎಂಬ ಮೂರೇ ಬಗೆಯ ಹೊರಹರಿವು ಇದ್ದುದರಿಂದ ನಾನು ಎಕ್ಸ್‌ಎಂಎಲ್ ಆರಿಸಿದ್ದೆ. ಹೊರಗಿನ ಕಡತವನ್ನು ಕರೆಯುವ ಸ್ಕ್ರಿಪ್ಟ್ ಎಲಿಮೆಂಟ್‌ನ ಒಳಗೆ ಏನೂ ಇರುವುದಿಲ್ಲವಲ್ಲ. ಖಾಲಿ ಎಲಿಮೆಂಟ್ ಕಂಡ ಸಾಫ್ಟ್‌ವೇರ್ ಅದರ ಮುಚ್ಚುವ ಟ್ಯಾಗನ್ನು ತೆಗೆದು, ತೆರೆಯುವ ಟ್ಯಾಗ್‌ನ ಕೊನೆಗೇ ಓರೆಗೆರೆ ಹಾಕಿ ಮಡಚಿಟ್ಟಿತು. ಎಕ್ಸ್‌ಎಂಎಲ್‌ನ ಕಣ್ಣಿಗೆ ಎರಡೂ ಒಂದೇ. ಎಚ್‌ಟಿಎಂಎಲ್ ಪಾರ್ಸರ್ ಮಾತ್ರ ಆ ಓರೆಗೆರೆಯನ್ನು ಲೆಕ್ಕಕ್ಕೇ ತೆಗೆದುಕೊಳ್ಳದೆ, ಸ್ಕ್ರಿಪ್ಟ್ ಇನ್ನೂ ತೆರೆದಿದೆ ಎಂದು ತಿಳಿದು, ಅದರ ಮುಂದಿನ ಶೀರ್ಷಿಕೆ, ಮೆನು, ಲೇಖನ, ಅಡಿಟಿಪ್ಪಣಿಗಳನ್ನೆಲ್ಲ ಪ್ರೋಗ್ರಾಮಿನ ಸಾಲುಗಳೆಂದು ನುಂಗಿ ಕುಳಿತಿತು. ಸೋರ್ಸ್ ನೋಡಿದರೆ ಎಲ್ಲವೂ ಇದೆ, ಪರದೆಯ ಮೇಲೆ ಒಂದಕ್ಷರವೂ ಇಲ್ಲ, ಪುಟ ನಿಯಮಬದ್ಧವೇ ಎಂದು ನೋಡುವ ವ್ಯಾಲಿಡೇಟರ್ ಹಸಿರು ಪಟ್ಟಿ ತೋರಿಸುತ್ತಿದೆ. ಒಂದಿಡೀ ಮಧ್ಯಾಹ್ನ ಸ್ಟೈಲ್ ಶೀಟ್‌ನಲ್ಲಿ ತಪ್ಪು ಹುಡುಕಿದೆ. ಕೊನೆಗೆ ಆ ಎಲಿಮೆಂಟ್‌ನ ಒಳಗೆ ಒಂದು ಅರ್ಧವಿರಾಮ ಚಿಹ್ನೆ ಹಾಕಿ ಅದು ಖಾಲಿಯಾಗಿರದಂತೆ ಮಾಡಿದ ಮೇಲೆ ಪುಟ ಮರಳಿತು. ಪುಟದ ವಿಭಾಗವನ್ನು ಗುರುತಿಸುವ ಡಿವ್ ಎಲಿಮೆಂಟನ್ನು ಹೀಗೆ ಮಡಚಿದರೆ ಪುಟ ಮಾಯವಾಗುವುದಿಲ್ಲ. ಅದರ ನಂತರ ಬರಬೇಕಾದದ್ದೆಲ್ಲ ಅದರ ಹೊಟ್ಟೆಯೊಳಗೆ ಸೇರಿಕೊಂಡು ವಿನ್ಯಾಸ ಸೊಟ್ಟಗಾಗುತ್ತದೆ, ಮತ್ತು ಕಾರಣ ಕಂಡುಹಿಡಿಯುವುದು ಇನ್ನೂ ಕಷ್ಟವಾಗುತ್ತದೆ.

ಈಗ 381 ಪುಟಗಳ ವಿಷಯಕ್ಕೆ ಬರುತ್ತೇನೆ. ದೋಷಗಳ ಪೈಕಿ ಎಲ್ಲಕ್ಕಿಂತ ಹೆಚ್ಚಾಗಿದ್ದದ್ದು & ಚಿಹ್ನೆ. ಕೊಂಡಿಯ ವಿಳಾಸದಲ್ಲಿ ಎರಡು ಪ್ಯಾರಾಮೀಟರ್‌ಗಳ ನಡುವೆ ಅದನ್ನು ಬರಿದಾಗಿ ಬರೆಯುವ ರೂಢಿ ನಮ್ಮೆಲ್ಲರ ಬೆರಳಿಗೂ ಅಂಟಿದೆ. ಎಕ್ಸ್‌ಎಂಎಲ್‌ನಲ್ಲಿ ಅದು ಎಂಟಿಟಿಯೊಂದರ, ಅಂದರೆ ಅಕ್ಷರವೊಂದರ ಬದಲಿಗೆ ನಿಲ್ಲುವ ಸಂಕೇತದ, ಆರಂಭ. ಹಿಂದೆಯೇ ಹೆಸರು ಮತ್ತು ಅರ್ಧವಿರಾಮ ಬಾರದಿದ್ದರೆ ಪಾರ್ಸರ್ ಅಲ್ಲಿಗೇ ಕೆಲಸ ನಿಲ್ಲಿಸುತ್ತದೆ. ಎರಡನೆಯದು ಎಂಟಿಟಿಗಳದ್ದೇ ಇನ್ನೊಂದು ಮುಖ. ಎಕ್ಸ್‌ಎಂಎಲ್‌ಗೆ ಹುಟ್ಟಿನಿಂದ ಗೊತ್ತಿರುವ ಎಂಟಿಟಿಗಳು ಐದೇ: ಆಂಪರ್‌ಸ್ಯಾಂಡ್, ಎರಡು ಕೋನಾವರಣಗಳು, ಎರಡು ಬಗೆಯ ಉದ್ಧರಣ ಚಿಹ್ನೆಗಳು. ಎನ್‌ಬಿಎಸ್‌ಪಿ ಎಂಬ ಮುರಿಯದ ಖಾಲಿ ಜಾಗ ಡಾಕ್‌ಟೈಪ್ ಸೂಚಿಸುವ ಡಿಟಿಡಿ ಎಂಬ ನಿಯಮಪಟ್ಟಿಯ ಬಲದಿಂದ ಬದುಕಿತ್ತು. ಇಪಬ್ 3ಕ್ಕಾಗಿ ಹಳೆಯ ಡಾಕ್‌ಟೈಪನ್ನು ತೆಗೆದು ಚಿಕ್ಕದನ್ನು ಇಟ್ಟ ಕೂಡಲೇ ಅದು ಅಪರಿಚಿತವಾಯಿತು. ಅದರ ಬದಲಿಗೆ &#160; ಎಂದು ಸಂಖ್ಯೆಯಲ್ಲಿ ಬರೆದರೆ ಎಲ್ಲೂ ತಕರಾರಿಲ್ಲ.

ಮೂರನೆಯದನ್ನು ಕಂಡು ನನಗೇ ನಗು ಬಂತು. ಪುಟದ ಭಾಗಗಳನ್ನು ಗುರುತಿಸಲು ಆಗ ನಾನು ಟಿಪ್ಪಣಿಗಳನ್ನು ಅಲಂಕರಿಸುತ್ತಿದ್ದ ಬಗೆ ಹೀಗಿತ್ತು:

<!-- --------- ಮೆನು ಆರಂಭ --------- -->

ಎಕ್ಸ್‌ಎಂಎಲ್‌ನಲ್ಲಿ ಟಿಪ್ಪಣಿಯ ಒಳಗೆ ಎರಡು ಅಡ್ಡಗೆರೆಗಳು ಅಕ್ಕಪಕ್ಕ ಬರುವಂತಿಲ್ಲ. ಎರಡು ದಶಕದ ಹಿಂದಿನ ನನ್ನ ಶೋಕಿಯ ಫಲವಾಗಿ ನೂರಕ್ಕೂ ಹೆಚ್ಚು ಪುಟಗಳು ಮೊದಲ ಹತ್ತು ಸಾಲುಗಳಲ್ಲೇ ಉರುಳಿದವು.

ನಾಲ್ಕನೆಯದು ಕನ್ನಡದಲ್ಲಿ ಬರೆಯುವವರಿಗೆ ವಿಶೇಷವಾಗಿ ತಾಗುವಂಥದ್ದು, ಆದ್ದರಿಂದ ಸ್ವಲ್ಪ ಬಿಡಿಸಿ ಹೇಳುತ್ತೇನೆ. ಪಟ್ಟಿಯ ಪುಟಗಳಲ್ಲಿ ಪ್ರತಿ ಲೇಖನದ ಮೊದಲ 200 ಬೈಟ್‌ಗಳನ್ನು ಕತ್ತರಿಸಿ ಸಾರಾಂಶವಾಗಿ ತೋರಿಸುವ ಒಂದು ಪುಟ್ಟ ಫಂಕ್ಷನ್ ಇತ್ತು. ರೋಮನ್ ಲಿಪಿಯ ಸಾದಾ ಅಕ್ಷರಕ್ಕೆ ಯುಟಿಎಫ್-8 ಎಂಬ ಅಕ್ಷರ ಸಂಕೇತ ಪದ್ಧತಿಯಲ್ಲಿ ಒಂದು ಬೈಟ್ ಸಾಕಾದರೆ ಕನ್ನಡದ ಒಂದೊಂದು ಸಂಕೇತಕ್ಕೂ ಮೂರು ಬೈಟ್ ಬೇಕು. ಎಣಿಕೆಯಿಂದ ಕತ್ತರಿ ಹಾಕಿದರೆ ಸುಮಾರಾಗಿ ಮೂರರಲ್ಲಿ ಎರಡು ಸಲ ಅದು ಅಕ್ಷರವೊಂದರ ನಡು ಸೀಳಿಕೊಂಡೇ ಬೀಳುತ್ತದೆ. ಎಚ್‌ಟಿಎಂಎಲ್ ಪಾರ್ಸರ್ ಆ ತುಂಡು ಬೈಟ್‌ಗಳ ಜಾಗದಲ್ಲಿ ಪ್ರಶ್ನಾರ್ಥಕ ಚಿಹ್ನೆಯುಳ್ಳ ಕಪ್ಪು ವಜ್ರಾಕೃತಿಯನ್ನು ಇಟ್ಟು ಮುಂದೆ ಹೋಗುತ್ತದೆ. ಓದುಗರು ಅದನ್ನು ಫಾಂಟ್‌ನ ತೊಂದರೆಯೆಂದು ಭಾವಿಸಿ ಸುಮ್ಮನಾಗುತ್ತಾರೆ. ಎಕ್ಸ್‌ಎಂಎಲ್‌ನಲ್ಲಿ ಅದು ಮಾರಕ ದೋಷ. ನಿಜ ಹೇಳಬೇಕೆಂದರೆ ಈ ಒಂದು ವಿಷಯದಲ್ಲಿ ನಾನು ಎಕ್ಸ್‌ಎಂಎಲ್‌ನ ಪಕ್ಷ. ಸಂಕೇತದ ಗಡಿ ನೋಡಿಕೊಂಡು ಕತ್ತರಿಸುವಂತೆ ಫಂಕ್ಷನ್ನನ್ನು ತಿದ್ದಿದ ಮೇಲೂ ಒತ್ತಕ್ಷರದ ಮಧ್ಯೆ ಕತ್ತರಿ ಬಿದ್ದು ಸಾರಾಂಶದ ಕೊನೆಗೆ ಒಂದು ಅರ್ಧಾಕ್ಷರ ನೇತಾಡುವುದು ಉಳಿಯುತ್ತದೆ, ಆದರೆ ಅದರ ಬಗ್ಗೆ ಯಾವ ಪಾರ್ಸರೂ ತಲೆ ಕೆಡಿಸಿಕೊಳ್ಳುವುದಿಲ್ಲ.

ಇದೇ ಜಾತಿಗೆ ಸೇರಿದ ಇನ್ನೊಂದು ಪೀಡೆ, ಕಣ್ಣಿಗೆ ಕಾಣದ ನಿಯಂತ್ರಣಾಕ್ಷರಗಳು. ಬೇರೆ ಸಾಫ್ಟ್‌ವೇರ್‌ನಿಂದ ನಕಲಿಸಿ ಅಂಟಿಸಿದ ಪಠ್ಯದ ಜೊತೆ ಫಾರ್ಮ್ ಫೀಡ್‌ನಂಥವು ಸೇರಿಕೊಂಡು ಬರುತ್ತವೆ. ಎಕ್ಸ್‌ಎಂಎಲ್ 1.0ರಲ್ಲಿ ಅವನ್ನು ನೇರವಾಗಿ ಬರೆಯುವುದಿರಲಿ, ಸಂಖ್ಯೆಯ ರೂಪದಲ್ಲಿ ಬರೆಯುವುದಕ್ಕೂ ಅನುಮತಿಯಿಲ್ಲ. ಅಳಿಸುವುದೊಂದೇ ದಾರಿ.

ಈ ದೋಷಗಳಿಗೆಲ್ಲ ಬೇರು ಒಂದೇ. ನಾವು ಪುಟಗಳನ್ನು ದಾರದಂತೆ ಹೊಸೆಯುತ್ತೇವೆ: ಟೆಂಪ್ಲೇಟಿನ ಒಂದು ತುಂಡು, ಡೇಟಾಬೇಸಿನಿಂದ ಬಂದ ಒಂದು ಶೀರ್ಷಿಕೆ, ಓದುಗರ ಒಂದು ಪ್ರತಿಕ್ರಿಯೆ, ಇನ್ನೊಂದು ತುಂಡು. ಎಕ್ಸ್‌ಎಂಎಲ್ ಬಯಸುವುದು ಮೊದಲು ಎಲಿಮೆಂಟ್‌ನೊಳಗೆ ಎಲಿಮೆಂಟ್ ಜೋಡಿಸಿದ ಮರವನ್ನು ಕಟ್ಟಿ, ನಂತರ ಆ ಮರವನ್ನು ಪಠ್ಯವಾಗಿ ಇಳಿಸುವ ಕ್ರಮವನ್ನು. ಹಾಗೆ ಇಳಿಸುವಾಗ & ಚಿಹ್ನೆ ತಾನಾಗಿಯೇ ಸರಿಯಾದ ರೂಪ ತಾಳುತ್ತದೆ, ಟ್ಯಾಗ್ ಮುಚ್ಚಲು ಮರೆಯುವ ಸಂದರ್ಭವೇ ಬರುವುದಿಲ್ಲ. ಆ ಕ್ರಮಕ್ಕೆ ಬದಲಾಗದೆ ಹೆಡರನ್ನು ಮಾತ್ರ ಬದಲಾಯಿಸಿದವನ ಗತಿ ಏನೆಂಬುದನ್ನು 2004ರ ಸುಮಾರಿಗೆ ಒಂದು ವಾರ ಪ್ರಯೋಗ ಮಾಡಿ ನೋಡಿದ್ದೇನೆ. ಒಪ್ಪುವ ಬ್ರೌಸರ್‌ಗಳಿಗೆ ಮಾತ್ರ ಸರಿಯಾದ ಮೀಡಿಯಾ ಟೈಪ್ ಹೋಗುವಂತೆ, ಅವು ಕಳಿಸುವ ಆಕ್ಸೆಪ್ಟ್ ಹೆಡರ್ ನೋಡಿ ಆರಿಸುವ ವ್ಯವಸ್ಥೆ ಮಾಡಿದ್ದೆ. ಐದನೆಯ ದಿನ ಓದುಗರೊಬ್ಬರು ತಮ್ಮ ಪ್ರತಿಕ್ರಿಯೆಯಲ್ಲಿ ಒಂದು ಕೊಂಡಿ ಅಂಟಿಸಿದರು, ಅದರಲ್ಲೊಂದು ಬರಿಯ & ಇತ್ತು; ಫೈರ್‌ಫಾಕ್ಸ್‌ನಲ್ಲಿ ಲೇಖನದ ಜಾಗದಲ್ಲಿ ಹಳದಿ ಹಿನ್ನೆಲೆಯ ದೋಷದ ಪುಟ ಮಾತ್ರ ಉಳಿಯಿತು. ನನ್ನ ತಪ್ಪಿಗೆ ಓದುಗರಿಗೆ ಶಿಕ್ಷೆ ಎಂಬುದು ಎಕ್ಸ್‌ಎಚ್‌ಟಿಎಂಎಲ್ ಕುರಿತು ಆ ಕಾಲದಲ್ಲಿ ಎಲ್ಲೆಡೆ ಕೇಳಿಬರುತ್ತಿದ್ದ ಆಕ್ಷೇಪ, ಮತ್ತು ಅದು ನ್ಯಾಯವಾದ ಆಕ್ಷೇಪವೇ.

ಪುಟ ಒಡೆಯದೆ ತೆರೆದುಕೊಂಡ ಮೇಲೂ ಸ್ಕ್ರಿಪ್ಟ್ ಮತ್ತು ಸ್ಟೈಲ್‌ಗಳ ಕಡೆ ಒಂದು ಸುತ್ತು ಬರಬೇಕು, ಏಕೆಂದರೆ ಅಲ್ಲಿನ ತಪ್ಪುಗಳು ಕೂಗಿ ಹೇಳುವುದಿಲ್ಲ. ಹಳೆಯ ಬ್ರೌಸರ್‌ಗಳಿಂದ ಮರೆಮಾಡಲು ಸ್ಕ್ರಿಪ್ಟನ್ನು ಟಿಪ್ಪಣಿ ಚಿಹ್ನೆಗಳ ನಡುವೆ ಇಡುವ ಪದ್ಧತಿ ಇತ್ತಲ್ಲ, ಎಕ್ಸ್‌ಎಂಎಲ್ ಪಾರ್ಸರ್ ಅದನ್ನು ನಿಜವಾದ ಟಿಪ್ಪಣಿಯೆಂದೇ ತಿಳಿದು ಬಿಟ್ಟುಬಿಡುತ್ತದೆ. ಸ್ಕ್ರಿಪ್ಟ್ ಓಡುವುದೇ ಇಲ್ಲ. ಸ್ಕ್ರಿಪ್ಟ್‌ನಿಂದ ಪುಟಕ್ಕೆ ನೇರ ಬರೆಯುವ ಡಾಕ್ಯುಮೆಂಟ್ ಡಾಟ್ ರೈಟ್ ಇಲ್ಲಿ ನಡೆಯುವುದಿಲ್ಲ. ಟ್ಯಾಗ್‌ನೇಮ್ ಕೇಳಿದರೆ ಹೆಸರು ಸಣ್ಣಕ್ಷರದಲ್ಲಿ ಬರುತ್ತದೆ, ಹಾಗಾಗಿ ಅದನ್ನು ಕ್ಯಾಪಿಟಲ್ ಅಕ್ಷರಗಳ ಜೊತೆ ಹೋಲಿಸುತ್ತಿದ್ದ ಪ್ರತಿಯೊಂದು ಷರತ್ತೂ ಸದ್ದಿಲ್ಲದೆ ಸುಳ್ಳಾಗುತ್ತದೆ. ಟೇಬಲ್‌ನೊಳಗೆ ಟಿಬಾಡಿ ಎಲಿಮೆಂಟನ್ನು ಎಚ್‌ಟಿಎಂಎಲ್ ಪಾರ್ಸರ್ ತಾನೇ ಸೇರಿಸುತ್ತಿತ್ತು, ಎಕ್ಸ್‌ಎಂಎಲ್ ಪಾರ್ಸರ್ ಬರೆದದ್ದಕ್ಕಿಂತ ಒಂದನ್ನೂ ಹೆಚ್ಚು ಸೇರಿಸುವುದಿಲ್ಲ. ಟಿಬಾಡಿಯನ್ನು ನಂಬಿ ಬರೆದ ಸೆಲೆಕ್ಟರ್‌ಗಳು (ಯಾವ ಎಲಿಮೆಂಟ್‌ಗೆ ಸ್ಟೈಲ್ ಹಚ್ಚಬೇಕೆಂದು ಹೇಳುವ ಸಾಲುಗಳು) ಗುರಿ ಕಳೆದುಕೊಳ್ಳುತ್ತವೆ. ಸ್ಕ್ರಿಪ್ಟ್‌ನೊಳಗಿನ < ಮತ್ತು && ಚಿಹ್ನೆಗಳನ್ನು ಒಳಗಿನದನ್ನು ಮಾರ್ಕ್‌ಅಪ್ ಎಂದು ಓದದ ಸಿಡೇಟಾ ವಿಭಾಗದಲ್ಲಿ ಕಾಪಾಡಬಹುದು, ಆದರೆ ಎರಡೂ ಪಾರ್ಸರ್‌ಗಳಿಗೆ ಒಪ್ಪುವಂತೆ ಆ ವಿಭಾಗದ ಆದಿ ಅಂತ್ಯಗಳನ್ನು ಮತ್ತೆ ಸ್ಕ್ರಿಪ್ಟಿನ ಟಿಪ್ಪಣಿಯಲ್ಲಿ ಸುತ್ತುವ ಆ ಸರ್ಕಸ್ಸಿಗಿಂತ ಎಲ್ಲವನ್ನೂ ಹೊರಗಿನ ಕಡತಕ್ಕೆ ಸಾಗಿಸುವುದು ಲೇಸು.

ವೆಲ್‌ಫಾರ್ಮ್ಡ್ (ಟ್ಯಾಗ್‌ಗಳ ಕಟ್ಟು ಸರಿ) ಆಗಿರುವುದು ಬೇರೆ, ವ್ಯಾಲಿಡ್ (ಯಾವುದರೊಳಗೆ ಯಾವುದು ಎಂಬ ನಿಯಮಕ್ಕೂ ಸರಿ) ಆಗಿರುವುದು ಬೇರೆ ಎಂಬುದೂ ಅನುಭವಿಗಳ ಬಾಯಲ್ಲಿ ಆಗಾಗ ಕಲಸಿಹೋಗುತ್ತದೆ. ಪಿ (ಪ್ಯಾರಾ) ಎಲಿಮೆಂಟ್‌ನ ಒಳಗೆ ಡಿವ್ ಇಟ್ಟ ಒಂದು ಪುಟವನ್ನು ತೆಗೆದುಕೊಳ್ಳಿ. ನಿಯಮದ ಪ್ರಕಾರ ಅದು ತಪ್ಪು, ಆದರೆ ಟ್ಯಾಗ್‌ಗಳೆಲ್ಲ ಸರಿಯಾಗಿ ಮುಚ್ಚಿರುವುದರಿಂದ ಎಕ್ಸ್‌ಎಂಎಲ್ ಪಾರ್ಸರ್ ತಕರಾರು ತೆಗೆಯದೆ ಪಿಯೊಳಗೆ ಡಿವ್ ಇರುವ ಮರವನ್ನೇ ಕಟ್ಟುತ್ತದೆ. ಅದೇ ಕಡತವನ್ನು ಎಚ್‌ಟಿಎಂಎಲ್ ಎಂದು ಕಳಿಸಿದರೆ ಡಿವ್ ಕಂಡ ತಕ್ಷಣ ಪಾರ್ಸರ್ ಪಿಯನ್ನು ಮುಚ್ಚಿಬಿಡುತ್ತದೆ, ಮುಂದೆ ಸಿಕ್ಕುವ ಪಿಯ ಮುಚ್ಚುವ ಟ್ಯಾಗ್‌ಗೆ ಜೊತೆ ಸಿಗದೆ ಇನ್ನೊಂದು ಖಾಲಿ ಪಿಯನ್ನು ಹುಟ್ಟಿಸುತ್ತದೆ. ಒಂದು ಕಡತ, ಎರಡು ಮರಗಳು, ಎರಡು ವಿನ್ಯಾಸಗಳು. ಕೊಂಡಿಯೊಳಗೆ ಕೊಂಡಿ ಇಡಬಾರದೆಂಬ ನಿಷೇಧವನ್ನಂತೂ ಎಷ್ಟೇ ಆಳದಲ್ಲಿದ್ದರೂ ಹಿಡಿಯುವಂತೆ ಎಕ್ಸ್‌ಎಂಎಲ್ ಡಿಟಿಡಿಯಲ್ಲಿ ಬರೆಯಲು ಸಾಧ್ಯವೇ ಇಲ್ಲದ್ದರಿಂದ ಅದನ್ನು ಎಕ್ಸ್‌ಎಚ್‌ಟಿಎಂಎಲ್ 1.0ರ ಅನುಬಂಧ ಬಿಯಲ್ಲಿ ಮಾತಿನಲ್ಲಿ ಹೇಳಿ ಬಿಟ್ಟಿದ್ದಾರೆ. ವ್ಯಾಲಿಡೇಟರ್‌ನ ಹಸಿರು ಪಟ್ಟಿಯನ್ನು ನಂಬಿ ಕೂರುವವರು ಇದನ್ನೊಮ್ಮೆ ನೆನೆಯಬೇಕು.

ಎಕ್ಸ್‌ಎಚ್‌ಟಿಎಂಎಲ್ ಸತ್ತುಹೋಯಿತಲ್ಲ, ಈಗೇಕೆ ಈ ಪುರಾಣ ಎಂದು ನನ್ನ ಜೊತೆ ಕೆಲಸ ಮಾಡುವ ಹಿರಿಯರೊಬ್ಬರು ಕೇಳಿದರು. ಸತ್ತದ್ದು ಎಕ್ಸ್‌ಎಚ್‌ಟಿಎಂಎಲ್ 2. ಹಳೆಯದರೊಂದಿಗೆ ಹೊಂದಾಣಿಕೆಯನ್ನೇ ಕೈಬಿಟ್ಟು ಹೊರಟ ಆ ಯೋಜನೆಯನ್ನು ಡಬ್ಲ್ಯು3ಸಿ 2009ರಲ್ಲಿ ನಿಲ್ಲಿಸುವುದಾಗಿ ಹೇಳಿತು. ಅದಕ್ಕೆ ಮೊದಲೇ, 2004ರಲ್ಲಿ, ಆಪಲ್, ಮೊಜಿಲ್ಲಾ ಮತ್ತು ಒಪೇರಾದ ಕಡೆಯವರು ಸೇರಿ ಕಟ್ಟಿದ ವಾಟ್‌ಡಬ್ಲ್ಯುಜಿ ಎಂಬ ಗುಂಪು ಬೇರೆ ದಾರಿ ಹಿಡಿದು, ತಪ್ಪು ಬರೆದ ಪುಟವನ್ನು ಎಲ್ಲ ಬ್ರೌಸರ್‌ಗಳೂ ಒಂದೇ ರೀತಿ ಹೇಗೆ ಸರಿಪಡಿಸಿಕೊಂಡು ಓದಬೇಕೆಂಬುದನ್ನು ಹೆಜ್ಜೆ ಹೆಜ್ಜೆಯಾಗಿ ಬರೆದಿಟ್ಟಿತು. ಒಂದೊಂದು ಬ್ರೌಸರ್ ಒಂದೊಂದು ರೀತಿ ತಪ್ಪನ್ನು ಅರ್ಥ ಮಾಡಿಕೊಳ್ಳುತ್ತದೆ ಎಂಬ ಎಕ್ಸ್‌ಎಚ್‌ಟಿಎಂಎಲ್ ಪರವಾದ ಬಲವಾದ ವಾದವನ್ನು ಆ ಬರವಣಿಗೆಯೇ ಮೊಂಡಾಗಿಸಿತು. ಆದರೆ ಅದೇ ಎಚ್‌ಟಿಎಂಎಲ್ ಸ್ಟ್ಯಾಂಡರ್ಡ್‌ನಲ್ಲಿ ಎಕ್ಸ್‌ಎಂಎಲ್ ರೂಪದ ಬರವಣಿಗೆಗೆ ಇಂದಿಗೂ ಒಂದು ಅಧ್ಯಾಯವಿದೆ, ಮತ್ತು ಇಪಬ್ 3 ಬಳಸುವುದು ಅದನ್ನೇ. ಹೊಸದಾಗಿ ಸಾರ್ವಜನಿಕ ತಾಣ ಕಟ್ಟುವವರಿಗೆ ಎಕ್ಸ್‌ಎಚ್‌ಟಿಎಂಎಲ್ ಬೇಡ ಎಂದೇ ನಾನು ಹೇಳುತ್ತೇನೆ. ಬರೆದದ್ದು ಎಕ್ಸ್‌ಎಂಎಲ್ ಸಾಧನಗಳ ಮೂಲಕ ಹಾದುಹೋಗಬೇಕಾದಲ್ಲಿ ಅದನ್ನು ಬಿಟ್ಟು ಬೇರೆ ಗತಿಯಿಲ್ಲ.

ಕೊನೆಗೆ ನಾನು ಮಾಡಿದ ಕೆಲಸದ ಕ್ರಮ ಇದು. ಹುಡುಕಿ ಬದಲಿಸುವ ರೆಗ್ಯುಲರ್ ಎಕ್ಸ್‌ಪ್ರೆಶನ್‌ಗಳಲ್ಲಿ ಎರಡು ದಿನ ಕಳೆದು ಕೈಚೆಲ್ಲಿದೆ. ಆ ಎರಡು ದಿನ ವ್ಯರ್ಥ. ನಂತರ ಪ್ರತಿ ಪುಟವನ್ನೂ ಎಚ್‌ಟಿಎಂಎಲ್ ಎಂದೇ ಒಪ್ಪಿಕೊಂಡು, ಬ್ರೌಸರ್‌ಗಳ ನಿಯಮವನ್ನೇ ಪಾಲಿಸುವ ಒಂದು ಎಚ್‌ಟಿಎಂಎಲ್ ಪಾರ್ಸರ್‌ನಿಂದ ಮರ ಕಟ್ಟಿಸಿ, ಆ ಮರವನ್ನು ಎಕ್ಸ್‌ಎಂಎಲ್ ಆಗಿ ಇಳಿಸಿದೆ. ಓದುಗರು ಇಷ್ಟು ವರ್ಷ ನೋಡುತ್ತಿದ್ದ ಮರ ಅದೇ ಆದ್ದರಿಂದ ಅರ್ಥ ಕೆಡುವ ಭಯವಿರಲಿಲ್ಲ. ಟಿಪ್ಪಣಿಗಳನ್ನೆಲ್ಲ ಕಿತ್ತೆ, ನಿಯಂತ್ರಣಾಕ್ಷರಗಳನ್ನು ಅಳಿಸಿದೆ. ಪರೀಕ್ಷೆಗೆ ಸರ್ವರನ್ನು ಮುಟ್ಟಬೇಕಾಗಿಯೂ ಇಲ್ಲ: ಕಡತದ ಹೆಸರಿನ ಬಾಲವನ್ನು ಡಾಟ್ ಎಕ್ಸ್‌ಎಚ್‌ಟಿಎಂಎಲ್ ಎಂದು ಬದಲಿಸಿ ಬ್ರೌಸರ್‌ನಲ್ಲಿ ತೆರೆದರೆ ಎಕ್ಸ್‌ಎಂಎಲ್ ಪಾರ್ಸರೇ ಓದುತ್ತದೆ, ದೋಷವಿದ್ದರೆ ಸಾಲಿನ ಸಂಖ್ಯೆ ಸಹಿತ ಹೇಳುತ್ತದೆ. 412 ಪುಟಗಳೂ ಪುಸ್ತಕದೊಳಗೆ ಸೇರಿವೆ. ಜಾಲದ ಮೇಲಿರುವ ಮೂಲ ಪುಟಗಳನ್ನು ಮಾತ್ರ ಈಗಲೂ ಟೆಕ್ಸ್ಟ್/ಎಚ್‌ಟಿಎಂಎಲ್ ಎಂದೇ ಕಳಿಸುತ್ತಿದ್ದೇನೆ, ಮತ್ತು ಅವುಗಳ ನೆತ್ತಿಯಿಂದ ಆ ಸ್ಟ್ರಿಕ್ಟ್ ಡಾಕ್‌ಟೈಪನ್ನು ತೆಗೆದಿದ್ದೇನೆ.